ಮೊದಲ ಅದು ಕುಡೀಲಿ

ನಾನು ಚಾ ತಂದಾಗಲೆಲ್ಲ ಮಿಸ್ತ್ರಿಯದು ಒಂದೇ ಮಾತು: "ಮೊದಲ ಅದು ಕುಡೀಲಿರಿ." ಅದು ಎಂದರೆ ಎಂಜಿನ್ನು, ಕುಡಿಯಬೇಕಾದದ್ದು ಒಳಗಿನ ಭಾಗಗಳು ಸವೆಯದಂತೆ ಕಾಯುವ ಎಣ್ಣೆ.

ತಿಕೋಟಾಕ್ಕೆ ಇನ್ನೂ ಕರೆಂಟ್ ಬಂದಿರದ ಆ ದಿನಗಳಲ್ಲಿ ನಮ್ಮ ಹಿಟ್ಟಿನ ಗಿರಣಿ ನಡೆಯುತ್ತಿದ್ದುದು ಡೀಸೆಲ್ ಎಂಜಿನ್ನಿನಿಂದ. ಹಿಂದಿನ ಸಲ ರಿಪೇರಿಯಾದಾಗ ನಾನೇ ಅವಸರಪಟ್ಟು, ಎಣ್ಣೆ ಏರುವ ಮೊದಲೇ ಚಾಲೂ ಮಾಡಿ ಬೇರಿಂಗ್ ಸುಟ್ಟಿದ್ದೆ. ಅದಕ್ಕೇ ವಿಜಾಪುರದಿಂದ ಈ ಮಿಸ್ತ್ರಿಯನ್ನು ಕರೆಸಿದ್ದು. ಎಂಟು ದಿನ ಕೂತು ಎಲ್ಲ ಬಿಚ್ಚಿ ಜೋಡಿಸಿದ. ಎಂಟೂ ದಿನ ಚಾ ಮುಟ್ಟಲಿಲ್ಲ.

ಒಂಬತ್ತನೆಯ ದಿನ ಜೋಳದ ಬುಟ್ಟಿ ಹೊತ್ತ ಹೆಂಗಸರು ಬಾಗಿಲ ತುಂಬ ನಿಂತಿದ್ದರು. ಎಂಜಿನ್ ಚಾಲೂ ಆಗದಂತೆ ಆತ ಡೀಸೆಲ್ ಬಂದ್ ಮಾಡಿ, ಎಂಜಿನ್ನಿನ ತಲೆಯ ಮುಚ್ಚಳ ತೆಗೆದು, ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸತೊಡಗಿದ. ಕೆಳಗಿನ ಎಣ್ಣೆ ಏರಿ ತಲೆಯಲ್ಲಿ ಕಾಣಬೇಕು. ಎಷ್ಟು ತಿರುಗಿಸಿದರೂ ಕಾಣಲಿಲ್ಲ.

"ಚಾಲೂ ಮಾಡ್ರಿ, ತಾನ ಏರತೈತಿ," ಎಂದೆ.

ಆತ ನನ್ನ ಕಡೆ ನೋಡಲೂ ಇಲ್ಲ. ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು ಎಣ್ಣೆಯ ಕೊಳವೆ ಬಿಚ್ಚಿದ. ಒಳಗೆ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ಎಲ್ಲರೆದುರು ಹಿಡಿದು ತೋರಿಸಿದ.

"ನಾ ಒರಸಿದ ಅರಿವಿ ಇದು. ತಪ್ಪು ನಂದ ಐತ್ರಿ."

ಮತ್ತೆ ಜೋಡಿಸಿದ, ಮತ್ತೆ ತಿರುಗಿಸಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಕಡೆಗೆ ಎಂಜಿನ್ನಿನ ತಲೆಯಲ್ಲಿ ಎಣ್ಣೆಯ ಒಂದು ಹನಿ ಹೊಳೆಯಿತು, ಅದರ ಹಿಂದೆ ಇನ್ನೊಂದು. ನಾನು ಕೈಮುಗಿಯುವುದೊಂದು ಬಾಕಿ.

ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ. ಆತ ಹ್ಯಾಂಡಲ್ ಬಿಟ್ಟು ಕಟ್ಟೆಯ ಮೇಲೆ ಕೂತು ಕೈ ಚಾಚಿದ.

"ಈಗ ಚಾ ಕೊಡ್ರಿ."