ಬದುಕಿದ್ದವನ ಮುಂದೆ ಒಪ್ಪಾರಿ

ಉಸಿಲಂಪಟ್ಟಿ ಕಡೆ ಸಾವಿನ ಮನೆಗೆ ಒಚ್ಚಮ್ಮ ಬಂದು ಕೂತಳೆಂದರೆ, ಅಳು ಬಾರದ ಸೊಸೆಯಂದಿರಿಗೂ ಕಣ್ಣು ತುಂಬುತ್ತಿತ್ತು. ಸತ್ತವರ ಗುಣ ಹೇಳಿ ಎದೆ ಬಡಿದುಕೊಂಡು ಹಾಡುವ ಒಪ್ಪಾರಿ ಅವಳಿಗೆ ತಾಯಿಯಿಂದ ಬಂದದ್ದು. ಆ ತಾಯಿಯೇ ಸತ್ತ ದಿನ ಗಂಡ ಕಾಸಿಮಾಯನ್ ಬಾಗಿಲಿಗೆ ಅಡ್ಡ ನಿಂತ. ಭಾವಮೈದುನರ ಮೇಲೆ ಅದೇನೋ ಜಿದ್ದು. "ಆ ಮನೆ ಹೊಸಿಲು ತುಳಿದ್ರೆ ಈ ಮನೆ ಹೊಸಿಲು ಮರೆತುಬಿಡು" ಎಂದ. ತಾಯಿ ಮಗಳ ಹಾಡಿಲ್ಲದೆ ಮಣ್ಣಿಗೆ ಹೋದಳು. ಹಾಡು ಗಂಟಲಲ್ಲೇ ಉಳಿಯಿತು. ಒಂದು ದಿನ ಇವನ ಎದೆಗೆ ಇದನ್ನು ಇಳಿಸದೆ ಸಾಯುವುದಿಲ್ಲ ಎಂದು ಒಚ್ಚಮ್ಮ ಅಂದೇ ಆಣೆಯಿಟ್ಟುಕೊಂಡಳು. ಅವನ ಜೋರು ಇಳಿಯಲಿ ಎಂದು ಕಾದಳು.

ಇಳಿಯಿತು, ಆದರೆ ಬೇರೆ ರೀತಿ. ಈ ಬೇಸಿಗೆಯಲ್ಲಿ ಅವನ ಮಿದುಳಿನ ಒಂದು ಮೂಲೆಗೆ ರಕ್ತ ಹರಿಯುವುದು ನಿಂತಿತು. ಕೈಕಾಲು ಸರಿ, ಕಿವಿಯೂ ಸರಿ. ಮಾತು ಮಾತ್ರ ಅವನಿಗೆ ಬರೀ ಸದ್ದಾಯಿತು.

"ನೀವು ಆಡಿದ್ದೆಲ್ಲ ಅವರಿಗೆ ಗೊತ್ತಿಲ್ಲದ ಊರಿನ ಭಾಷೆ ಇದ್ದಂಗೆ ಕಣಮ್ಮಾ" ಎಂದಳು ಮಧುರೆಯ ಡಾಕ್ಟರಮ್ಮ. "ಸದ್ದನ್ನ ಮಾತಾಗಿ ವಿಂಗಡಿಸೋ ಜಾಗ ಹೋಗಿದೆ. ದನಿ ಸಿಟ್ಟಿನದೋ ಪ್ರೀತಿಯದೋ ಗೊತ್ತಾಗುತ್ತೆ."

ಒಚ್ಚಮ್ಮ ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ಕಾದಿಟ್ಟದ್ದು ಇನ್ನು ಯಾರ ಕಿವಿಗೆ?

ಮೊದಲು ಬೈಗುಳದಲ್ಲೇ ಹಠ ತೀರಿಸಲು ನೋಡಿದಳು. ಸಜ್ಜೆ ಗಂಜಿ ಕುಡಿಸುತ್ತಾ, ಕೂಸಿಗೆ ಹೇಳುವಂಥ ದನಿಯಲ್ಲಿ, "ಕುಡಿಯೋ ನನ್ನ ರಾಜಾ, ನಿನ್ನ ಬಾಯಿಗೆ ಮಣ್ಣು ಬೀಳ. ಹದ್ದು ಕುಕ್ಕೋ ಹೆಣವೇ, ಇನ್ನೊಂದು ಗುಟುಕು" ಎಂದಳು. ಅವನು ಹಿಗ್ಗಿ ಅವಳ ಕೆನ್ನೆ ಸವರಿದ.

ಮಗುವಿಗೆ ಹಾಲೂಡಿಸುತ್ತಿದ್ದ ಸೊಸೆ ಸೆಲ್ವರಾಣಿಗೆ ನಗು ತಡೆಯಲಾಗಲಿಲ್ಲ. "ಇವಳೂ ಹಂಗೇ ಅತ್ತೆ, ಮುದ್ದಾಗಿ ಬೈದ್ರೆ ಬೊಚ್ಚುಬಾಯಿ ಬಿಡ್ತಾಳೆ."

"ನೀನು ನಗು. ನಂಗೆ ಕಲ್ಲಿಗೆ ಗುದ್ದಿ ಕೈ ನೋಯಿಸ್ಕೊಂಡಂಗಾಯ್ತು."

ಮಧ್ಯಾಹ್ನ ಸೀರೆಯ ಜೋಲಿಯಲ್ಲಿ ಮಗುವನ್ನು ಮಲಗಿಸಿ ಒಚ್ಚಮ್ಮ ಜೋಗುಳ ಹಾಡಿದಳು. ಮಗು ನಿದ್ದೆಹೋಯಿತು. ತಿರುಗಿ ನೋಡಿದರೆ ಜಗಲಿಯ ಮೇಲೆ ಗಂಡನೂ ತೂಕಡಿಸುತ್ತಿದ್ದಾನೆ! ಮಾತಿಗೆ ಮುಚ್ಚಿದ ಮನೆಯಲ್ಲಿ ರಾಗಕ್ಕೆ ಬಾಗಿಲು ತೆರೆದೇ ಇತ್ತು.

ಅಲ್ಲೇ ಅವನೆದುರು ಕೂತು ಮುಡಿ ಬಿಚ್ಚಿದಳು. ಎದೆಗೆ ಒಂದು ಏಟು ಹಾಕಿಕೊಂಡಳು.

"ಅಯ್ಯೋ ಅತ್ತೆ! ಬದುಕಿರೋರ ಮುಂದೆ ಒಪ್ಪಾರಿ ಹಾಡ್ತಾರಾ?"

"ಸತ್ತೋರ ಮುಂದೆ ಹಾಡೋಕೆ ಬಿಟ್ಟಿದ್ರೆ, ಬದುಕಿರೋರ ಮುಂದೆ ಯಾಕೆ ಹಾಡ್ತಿದ್ದೆ?"

*ಮುತ್ತು ಹೆತ್ತ ಅವ್ವಾ, ನನ್ನ ಮೂಡಲ ಬೆಳಕೇ,*
*ಬಾಗಿಲಿಗೆ ಮುಳ್ಳಿತ್ತು, ಬರಲಾರದೆ ಹೋದೆನೇ...*

ಕಾಸಿಮಾಯನ್ ಬೆಚ್ಚಿ ಎದ್ದ. ಊರಲ್ಲಿ ಹುಟ್ಟಿ ಬೆಳೆದವನಿಗೆ ಆ ರಾಗ ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಸೊಸೆಯನ್ನು ನೋಡಿದ. ಜೋಲಿಗೆ ಹೋಗಿ ಮಗುವಿನ ಉಸಿರು ಮುಟ್ಟಿ ನೋಡಿದ. ಕೊನೆಗೆ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ಹೆಂಡತಿಯ ಮುಖ ನೋಡಿದ: ನಾನಾ?

ಅಲ್ಲ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅಷ್ಟು ಅವನಿಗೆ ತಿಳಿಯುತ್ತಿತ್ತು. ಒಚ್ಚಮ್ಮ ಆಡಿಸಲಿಲ್ಲ. ಅವನು ಅಳುತ್ತಾ, ಅರ್ಥವಿಲ್ಲದ್ದೇನೋ ಬಡಬಡಿಸುತ್ತಾ ಅವಳ ಸೆರಗು ಹಿಡಿದ. ಬಿಡಿಸಿಕೊಂಡಳು. ತಾಯಿಯ ಒಂದು ಗುಣವನ್ನೂ ಬಿಡದೆ, ಅವಳು ಹಾಕಿಕೊಳ್ಳುತ್ತಿದ್ದ ಎಲೆಯಡಿಕೆಯವರೆಗೆ, ಹಾಡಿ ಮುಗಿಸಿದಳು.

ಆಮೇಲೆ ಸಾವಿನ ಮನೆಯಿಂದ ಬಂದವರಂತೆ ತಲೆಗೆ ನೀರು ಹೊಯ್ದುಕೊಂಡು ಬಂದಳು. ಗಂಜಿ ಬಿಸಿ ಮಾಡಿ ಅವನ ಬಾಯಿಗೆ ಹಿಡಿದಳು. ಅವನು ಕುಡಿದ. ಕೈ ಇನ್ನೂ ಎದೆಯ ಮೇಲೇ ಇತ್ತು. ಒಚ್ಚಮ್ಮ ಅದನ್ನು ಕೆಳಗಿಳಿಸಲಿಲ್ಲ.