ಆಣೆ ಬಿಡಿಸಲು ಹೋದದ್ದು

ದಾರಿ ತಪ್ಪಿದವರನ್ನು ತಿದ್ದಲು ಬೈಂದೂರಿನ ಕಡೆಯ ನಮ್ಮ ಭಜನಾ ಮಂಡಳಿಯ ಹತ್ತಿರ ಒಂದೇ ಔಷಧ ಇತ್ತು: ಕೈಗೆ ತಾಳ ಕೊಡುವುದು. ತಾಳ ಹಿಡಿದ ಕೈ ತಲವಾರು ಹಿಡಿಯುವುದಿಲ್ಲ ಎಂಬುದು ಅಧ್ಯಕ್ಷನಾದ ನನ್ನ ಸಂಶೋಧನೆ. ಅಷ್ಟು ವರ್ಷ ಮಾಷ್ಟ್ರಾಗಿದ್ದವನಿಗೆ ಹೊಳೆಯದ ಸತ್ಯ ಉಂಟೇ?

ಆ ವರ್ಷ ನನ್ನ ಪಾಲಿಗೆ ಬಂದವನು ಇಪ್ಪತ್ತರ ಯುವಕ. ಕುಂದಾಪುರದ ಗ್ಯಾಂಗೊಂದರ ಜೊತೆ ಹೊಡೆದಾಟಕ್ಕೆ ಹೋಗಿ ಒಂದು ಕೇಸು ಸಂಪಾದಿಸಿದ್ದ. ಇನ್ನೊಂದಾದರೆ ರೌಡಿ ಪಟ್ಟಿಗೆ ಹೆಸರು ಏರುತ್ತದೆ ಎಂದು ಠಾಣೆಯಲ್ಲಿ ಹೇಳಿ ಕಳಿಸಿದ್ದರು. ಅವನ ತಾಯಿ ಮೀನಿನ ಬುಟ್ಟಿ ಕೆಳಗಿಟ್ಟು, "ಮಾಷ್ಟ್ರೆ, ನೀವೇ ಎಂತಾರೂ ಮಾಡ್ಕ್" ಎಂದರು.

ಎಂಟು ಶನಿವಾರ ಅವನು ಗುಡಿಯ ಭಜನೆಯಲ್ಲಿ ತಾಳ ಹಾಕಿದ. ನಮ್ಮ ಹಿರಿಯರಿಗಿಂತ ಚೆನ್ನಾಗಿಯೇ ಹಾಕಿದ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂಬತ್ತನೆಯ ಶನಿವಾರ ನಾನು ದೊಡ್ಡ ಅಸ್ತ್ರ ತೆಗೆದೆ. ಗ್ಯಾಂಗಿನ ಸಹವಾಸ ಬಿಟ್ಟೆ ಎಂದು ದೇವರೆದುರು ದೀಪ ಮುಟ್ಟಿ ಆಣೆ ಹಾಕು ಎಂದೆ.

ಅವನು ಕೈ ಹಿಂದಕ್ಕೆಳೆದುಕೊಂಡ. "ಆತಿಲ್ಲೆ ಮಾಷ್ಟ್ರೆ. ಗ್ಯಾಂಗಿನ ಅಣ್ಣ ಕರೆದ್ರೆ ಬತ್ತೆ ಅಂದ್ ಇದೇ ದೀಪ ಮುಟ್ಟಿ ಆಣೆ ಹಾಕಿದ್ದೆ. ತಪ್ರೆ ಅಮ್ಮಂಗ್ ಎಂತಾರೂ ಆತ್."

"ಆ ಅಣ್ಣನೂ ಒಳಗ್ ಬಂದಿದ್ನಾ?"

"ಇಲ್ಲೆ, ಅವ್ರ್ ಗುಡಿ ಮೆಟ್ಲ್ ಹತ್ತುದಿಲ್ಲೆ. ರಸ್ತಿ ಬದಿಗ್ ನಿಂತಿದ್ರ್."

ಪಾಪಿಗೆ ದೇವರ ಹೆದರಿಕೆ ಎಂದು ನಕ್ಕೆ. ಆದರೂ ಹೊಟ್ಟೆ ಉರಿಯಿತು. ಭಕ್ತಿಮಾರ್ಗದಲ್ಲಿ ಗ್ಯಾಂಗಿನವರು ನಮಗಿಂತ ಮೊದಲೇ ಬಂದು ಟವೆಲ್ ಹಾಕಿ ಸೀಟು ಹಿಡಿದಿದ್ದರು.

ನಮ್ಮ ಕಡೆ ಆಣೆ ಬಿಡಿಸಬೇಕಾದರೆ ಹಾಕಿದವನೂ ಹಾಕಿಸಿದವನೂ ಅದೇ ದೇವರ ಮುಂದೆ ಒಟ್ಟಿಗೆ ನಿಲ್ಲಬೇಕು. ಹಾಗಾಗಿ ಸಮಾಜ ಸುಧಾರಕನಾದ ನಾನು, ಗ್ಯಾಂಗಿನ ಅಣ್ಣನನ್ನು ಗುಡಿಗೆ ಕರೆಯಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಂದಾಪುರದ ಬಸ್ಸು ಹತ್ತಿದೆ.

ಟಯರ್ ಅಂಗಡಿಯ ಮುಂದೆ ಕುಳಿತಿದ್ದ ಅಣ್ಣ ನನ್ನನ್ನು ಕಂಡು ಎದ್ದು ನಿಂತ. ನನ್ನದೇ ಹಳೆಯ ವಿದ್ಯಾರ್ಥಿ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಬತ್ತಿದ್ದೆ ಮಾಷ್ಟ್ರೆ. ಆದ್ರೆ ಗುಡಿ ಮೆಟ್ಲ್ ಹತ್ತುದ್ ಹ್ಯಾಂಗೆ? ಇನ್ ಈ ಮೆಟ್ಲ್ ಹತ್ತುದಿಲ್ಲೆ ಅಂದ್ ನಂಗೆ ಆಣೆ ಹಾಕ್ಸಿದ್ದ್ ನೀವೇ ಅಲ್ದಾ?"

ನೆನಪಾಯಿತು. ಅವನು ಶಾಲೆ ಬಿಟ್ಟ ವರ್ಷ ಮಂಡಳಿಯ ತಾಳವೊಂದು ಕಾಣೆಯಾಗಿತ್ತು. ನಾನು ವಿಚಾರಣೆ ಗಿಚಾರಣೆ ಎಂದು ಕಾಲಹರಣ ಮಾಡದೆ ಅವನೇ ಕಳ್ಳ ಎಂದು ತೀರ್ಪು ಕೊಟ್ಟಿದ್ದೆ. ತಾಳ ಆಮೇಲೆ ನಮ್ಮದೇ ಕಪಾಟಿನ ಹಿಂದೆ ಸಿಕ್ಕಿತು. ಅವನಿಗೆ ತಿಳಿಸಲು ಮಾತ್ರ ನನಗೆ ಪುರುಸೊತ್ತಾಗಲಿಲ್ಲ; ಅವನು ಊರು ಬಿಟ್ಟು ಕುಂದಾಪುರ ಸೇರಿದ.

ಮರುದಿನ ಬೆಳಿಗ್ಗೆ ಅವನು ಬಂದು ರಸ್ತೆ ಬದಿಗೆ ನಿಂತ; ಗುಡಿಯ ಭಟ್ಟರು ದೀಪವನ್ನು ಕೆಳಗಿನ ಮೆಟ್ಟಿಲಿಗೆ ತಂದಿಟ್ಟರು. ಮೊದಲು ನಾನು ಕಾಯಿ ಇಟ್ಟು, ತಾಳ ಕಪಾಟಿನ ಹಿಂದೆಯೇ ಸಿಕ್ಕಿತ್ತು, ತಪ್ಪು ನನ್ನದು ಎಂದು ಹೇಳಿ ಅಣ್ಣನ ಆಣೆ ಬಿಡಿಸಿದೆ. ಯುವಕನ ಎದುರೇ ಹೇಳಬೇಕಾಯಿತು, ನಾಚಿಕೆಯಾಯಿತು. ಭಟ್ಟರು ದೀಪವನ್ನು ಮತ್ತೆ ಒಳಗಿಟ್ಟರು. ಅಣ್ಣ ಮೆಟ್ಟಿಲು ಹತ್ತಿ ಒಳಗೆ ಹೋಗಿ, ಯುವಕನ ಕೈಯನ್ನು ದೀಪಕ್ಕೆ ಮುಟ್ಟಿಸಿ, "ಇನ್ ನಾನ್ ಕರೆದ್ರೂ ಬರ್ಬೇಡ. ಅಮ್ಮನ್ ನೋಡ್ಕೋ" ಎಂದ. ನನ್ನ ಎಂಟು ಶನಿವಾರಗಳ ಕೆಲಸ ಅವನಿಂದ ಒಂದು ನಿಮಿಷದಲ್ಲಿ ಮುಗಿಯಿತು.

ಹೊರಡುವಾಗ ಅಣ್ಣ ಗೂಟಕ್ಕೆ ನೇತುಹಾಕಿದ್ದ ತಾಳದ ಮುಂದೆ ನಿಂತ.

"ಇದ್ ಸಿಕ್ಕಿದ್ ಯಾವಾಗ?"

"ಒಂದೇ ತಿಂಗ್ಳಿಗೆ" ಎಂದೆ.

ಅವನು ತಾಳವನ್ನೊಮ್ಮೆ ಮುಟ್ಟಿ ನೋಡಿದ. "ಆಗ ನಾನ್ ಇನ್ನೂ ಊರಲ್ಲೇ ಇದ್ದಿದ್ದೆ ಮಾಷ್ಟ್ರೆ."