ತಪ್ಪಿದ ಕೋಲು ಯಾರದು?

ಹದಿನಾರು ಕೋಲುಗಳ ಸದ್ದಿನಲ್ಲಿ ನನ್ನದೊಂದು ಬರಿಯ ಗಾಳಿಗೆ ಬಡಿಯಿತು. ಇಡೀ ವೃತ್ತ ಸ್ತಬ್ಧವಾಯಿತು. ಹಾಡೂ ನಿಂತಿತು. ಯಾರೂ ನನ್ನತ್ತ ನೋಡಲಿಲ್ಲ, ಸುಮ್ಮನೆ ಕಾಯುತ್ತಿದ್ದರು.

ಚಾಮರಾಜನಗರ ಬಿಟ್ಟು ಹುಬ್ಬಳ್ಳಿಗೆ ಶಿಕ್ಷಕಿಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ನವನಗರದಲ್ಲೊಂದು ಬಾಡಿಗೆ ಕೋಣೆ, ಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿ, ಮಾತಿಗೆ ಯಾರೂ ಇಲ್ಲದ ಸಂಜೆಗಳು. ಪಕ್ಕದ ಮನೆಯ ಶಾಂತಕ್ಕ ಕೋಲಾಟಕ್ಕೆ ಕರೆದದ್ದೇ ತಡ, ಹೊರಟುಬಿಟ್ಟೆ. ನಮ್ಮೂರಲ್ಲಿ ಕೋಲಾಟವನ್ನು ನಿಂತು ನೋಡಿದ್ದೆನೇ ಹೊರತು ಕೋಲು ಹಿಡಿದವಳಲ್ಲ. ಮೊದಲ ದಿನ ಎದುರಿನ ಕೋಲಿಗೆ ನನ್ನ ಕೋಲು ತಾಗಿದಾಗ ಭುಜದವರೆಗೆ ಮಿಂಚು ಹರಿದಿತ್ತು.

ಈ ಮೇಳಕ್ಕೊಂದು ಕಟ್ಟಳೆಯಿದೆ. ಕೋಲು ತಪ್ಪಿದವರು ತಾವಾಗಿಯೇ ‘ನಂದು’ ಎಂದು ಹೇಳಿ, ಒಂದು ಸುತ್ತು ಹೊರಗೆ ಕುಳಿತು ಚಪ್ಪಾಳೆಯಿಂದ ತಾಳ ಹಾಕಬೇಕು. ಆಗ ಅವರ ಜಾಗದಲ್ಲಿ ನಮಗೆ ಕಲಿಸುವ, ಶಿರಗುಪ್ಪಿಯ ರೈತ ಬಸಪ್ಪ ಕಾಕಾ ಕೋಲು ಹಿಡಿಯುತ್ತಾರೆ. ಒಂದೇ ಸಂಜೆ ಮೂರು ಸಲ ಹೊರಗೆ ಕುಳಿತವರಿಗೆ ಆ ವಾರದ ಪ್ರದರ್ಶನವಿಲ್ಲ. ಆ ವಾರದ್ದು ಉಪ್ಪಿನಬೆಟಗೇರಿಯಲ್ಲಿ. ಅದು ಶಾಂತಕ್ಕನ ತವರು. ಆ ಸಂಜೆ ಅವರೂ ನಾನೂ ಆಗಲೇ ಎರಡೆರಡು ಸಲ ಹೊರಗೆ ಕುಳಿತಿದ್ದೆವು.

ಓದುವ ದಿನಗಳಿಂದಲೂ ‘ಹೊಣೆ ಯಾರದು?’ ಎಂದು ಅರ್ಜಿ ಬರೆದವಳು, ಧರಣಿ ಕೂತವಳು ನಾನು. ಈಗ ಎರಡಕ್ಷರ ಬಾಯಿಂದ ಹೊರಡಲಿಲ್ಲ.

“ನಂದ್ರಿ ಕಾಕಾ,” ಎಂದರು ನನ್ನೆದುರಿನ ಶಾಂತಕ್ಕ.

“ನಿಂದು ಮೂರಾತು ನೋಡವ್ವ. ತವರಮನಿಗೆ ಸುಮ್ನ ಹೋಗಾಕಿ ಏನು?”

“ಹೋಗ್ತೇನಿ ಬಿಡ್ರಿ, ನಮ್ಮವ್ವನ ಕೈಯಾನ ರೊಟ್ಟಿ ತಿಂದು ಬರ್ತೇನಿ.”

ನಾನು ಕೋಲುಗಳನ್ನು ಕೆಳಗಿಟ್ಟೆ. “ಕಾಕಾ, ತಪ್ಪಿದ್ದು ನಾನು. ಅವರಲ್ಲ.”

“ಗೊತ್ತೈತ್ರಿ ಅಕ್ಕೋರ,” ಎಂದರು ಕಾಕಾ. ಶಿಕ್ಷಕಿಯನ್ನು ಇಲ್ಲಿ ಕರೆಯುವುದು ಹಾಗೆ. “ನಿಮ್ಮ ಬಾಯಾಗ ಬರ್ಲಿ ಅಂತ ನಿಂತಿದ್ದೆ. ಕೂಡ್ರಿ, ತಾಳ ಹಾಕ್ರಿ.”

“ಒಂದು ಮಾತಿಗೆ ಇಷ್ಟು ಹೊತ್ತೇನ್ರಿ? ಸಾಲ್ಯಾಗ ಹುಡುಗರನ್ನ ಹೆಂಗ ಬೈತೀರಿ?” ಶಾಂತಕ್ಕ ನಗುತ್ತ ಕೋಲೆತ್ತಿಕೊಂಡರು.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ತಪ್ಪೊಂದು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತದೆ. ಉತ್ತರ ಸಿಗುವವರೆಗೆ ಎಂಟು ಜನರ ವೃತ್ತ ನಿಲ್ಲಬಲ್ಲದಾದರೆ ಕಚೇರಿಗಳೇಕೆ ನಿಲ್ಲಬಾರದು? ಈ ಪ್ರಶ್ನೆಯನ್ನು ಇನ್ನು ಮುಂದೆಯೂ ಕೇಳುತ್ತೇನೆ. ಕೇಳುವ ಹಕ್ಕನ್ನು ಆ ಸಂಜೆ ಸಂಪಾದಿಸಿದೆ.

ಭಾನುವಾರ ಉಪ್ಪಿನಬೆಟಗೇರಿಯಲ್ಲಿ ತಮ್ಮ ತಾಯಿಯ ಕಣ್ಣೆದುರು ಶಾಂತಕ್ಕ ಗಿರಗಿರನೆ ತಿರುಗಿದರು. ನಾನು ಹೊರಗೆ ಕುಳಿತು ಹುರುಪಿನಿಂದ ತಾಳ ಹಾಕುತ್ತಿದ್ದೆ. ಅಷ್ಟರಲ್ಲಿ ಊರಿನಿಂದ ನನ್ನಮ್ಮನ ಫೋನು. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

“ಊರ್ಗೆ ಯಾವಾಗವ್ವ ಬರದು?”

ಆ ದನಿಗೆ ಆಗಲೇ ಹೊರಟುಬಿಡಬೇಕೆನಿಸಿತು. ಕೈಗಳು ಮಾತ್ರ ತಾಳ ಬಿಡಲಿಲ್ಲ.